ಒಂದೇ ಕ್ರಮಾಂಕದ ಎರಡು ತೂಕದ ಚೀಟಿಗಳು: ಫೈಲ್ ಲಾಕ್ ಕುರಿತು ಒಂದು ಪ್ರಕರಣ ಅಧ್ಯಯನ

ಕಲಬುರಗಿಯ ಗಂಜ್‌ನಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ತೊಗರಿಯದೇ ಕಾಲ. ಈ ಜಿಲ್ಲೆಗೆ ತೊಗರಿಯ ಕಣಜವೆಂಬ ಹೆಸರು ಏಕೆ ಬಂತೆಂಬುದು ಆ ದಿನಗಳಲ್ಲಿ ಅಡತಿ ಅಂಗಡಿಗಳ ಮುಂದಿನ ಅಂಗಳ ನೋಡಿದರೆ ಸಾಕು, ತಿಳಿಯುತ್ತದೆ. ಅಂತಹ ಒಂದು ಅಂಗಡಿಯಲ್ಲಿ, ಆವಕ ಜೋರಾಗಿದ್ದ ಜನವರಿಯಲ್ಲಿ, ಒಂದೇ ಕ್ರಮಾಂಕದ ತೂಕದ ಚೀಟಿ ಇಬ್ಬರು ರೈತರ ಕೈಗೆ ಹೋಯಿತು. ಅಲ್ಲಿಯ ಹಿರಿಯ ಮುನೀಮರು ಫೋನಿನಲ್ಲಿ ಹೇಳಿದ ಮಾತು ಇಷ್ಟೇ: “ಸರ, ಒಂದೇ ನಂಬರಿನ ಚೀಟಿ ಇಬ್ಬರ ಕೈಯಾಗ ಬಂದಾವ್ರಿ. ಯಾರ ತೂಕ ಯಾರ ಹೆಸರಿಗಿ ಹಚ್ಚಬೇಕ್ರಿ?” ಹಮಾಲರು ಇಟ್ಟುಕೊಂಡಿದ್ದ ಚೀಲದ ಲೆಕ್ಕದಿಂದ ಆ ಇಬ್ಬರ ತೂಕವನ್ನು ಬೇರ್ಪಡಿಸಲು ಸಾಧ್ಯವಾಯಿತು. ಆದರೆ ಮರುವಾರವೂ ಅದೇ ಮರುಕಳಿಸಿದಾಗ, ಗುಮಾನಿ ಮೊದಲು ಹೋದದ್ದು ಕಂಪ್ಯೂಟರಿನ ಮೇಲಲ್ಲ, ಚೀಟಿ ಹರಿದುಕೊಡುತ್ತಿದ್ದ ಹುಡುಗನ ಮೇಲೆ. ತಪ್ಪು ಅವನದಲ್ಲವೆಂದು ತೋರಿಸುವುದು ಈ ಪರಿಶೀಲನೆಯ ಮೊದಲ ಕೆಲಸವಾಗಿತ್ತು, ಮತ್ತು ಇದನ್ನು ವಿವರವಾಗಿ ಬರೆಯುವುದಕ್ಕೆ ಅದೂ ಒಂದು ಕಾರಣ.

ವ್ಯವಸ್ಥೆ ಇದ್ದ ಬಗೆ

ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಲಿನಕ್ಸ್ ಹಾಕಿದ ಒಂದೇ ಒಂದು ಕಂಪ್ಯೂಟರ್ ಇದೆ. ಅದರಲ್ಲಿ ಪೈಥಾನ್‌ನಲ್ಲಿ ಬರೆದ ತೂಕದ ಪ್ರೋಗ್ರಾಂ ಓಡುತ್ತದೆ. ಅಂಗಳದ ಎರಡು ಎಲೆಕ್ಟ್ರಾನಿಕ್ ಕಾಟಾಗಳಿಗೆ ಒಂದೊಂದರಂತೆ ಅದರೊಳಗೆ ಎರಡು ಥ್ರೆಡ್‌ಗಳು, ಅಂದರೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು, ಇದ್ದು, ಚೀಲ ಏರಿಸಿ ಗುಂಡಿ ಒತ್ತಿದಾಗ ಆಯಾ ಥ್ರೆಡ್ ತೂಕ ಓದಿ, ಒಂದು ಕ್ರಮಾಂಕ ಪಡೆದು, ಚೀಟಿ ಮುದ್ರಿಸುತ್ತದೆ. ಗಾದಿಯ ಬಳಿ ಮುನೀಮರ ಬಿಲ್ಲಿಂಗ್ ಪ್ರೋಗ್ರಾಂ ಇದೆ. ಅದು ಎರಡು ಪರದೆಗಳಲ್ಲಿ ಎರಡು ಪ್ರತ್ಯೇಕ ಪ್ರೊಸೆಸ್‌ಗಳಾಗಿ (ಪ್ರೋಗ್ರಾಂನ ಬೇರೆಬೇರೆ ಓಟಗಳಾಗಿ) ಓಡುತ್ತದೆ ಮತ್ತು ಬೇರೆಡೆ ತೂಗಿ ಬಂದ ಮಾಲಿಗೆ ಅದೇ ಸರಣಿಯಿಂದ ಕ್ರಮಾಂಕ ಕೊಡುತ್ತದೆ. ರಾತ್ರಿ ಕ್ರಾನ್ (ಗೊತ್ತುಪಡಿಸಿದ ಹೊತ್ತಿಗೆ ಕೆಲಸ ಆರಂಭಿಸುವ ಸೌಲಭ್ಯ) ಮೂಲಕ ಏಳುವ ಒಂದು ಶೆಲ್ ಸ್ಕ್ರಿಪ್ಟ್ ದಿನದ ಲೆಕ್ಕ ತಾಳೆ ನೋಡಿ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತದೆ.

ಇವೆಲ್ಲವೂ ಹಂಚಿಕೊಳ್ಳುವುದು ಎರಡು ಫೈಲ್‌ಗಳನ್ನು. ಒಂದರಲ್ಲಿ ಕೊನೆಯದಾಗಿ ಕೊಟ್ಟ ಕ್ರಮಾಂಕ ಮಾತ್ರ ಇರುತ್ತದೆ. ಇನ್ನೊಂದು ದಿನವಹಿ, ಚೀಟಿಗೊಂದು ಸಾಲು. ಕ್ರಮಾಂಕ ಪಡೆಯುವುದೆಂದರೆ ಮೊದಲ ಫೈಲಿನಿಂದ ಸಂಖ್ಯೆ ಓದಿ, ಒಂದು ಕೂಡಿಸಿ, ಮತ್ತೆ ಬರೆಯುವುದು. ಈ ಮೂರು ಹೆಜ್ಜೆಗಳ ನಡುವೆ ಇನ್ನೊಬ್ಬರು ನುಸುಳಿದರೆ ಇಬ್ಬರೂ ಒಂದೇ ಸಂಖ್ಯೆಯನ್ನು ಓದುತ್ತಾರೆ. ಇದು ಹಳೆಯ ಸಮಸ್ಯೆ, ಮತ್ತು ಮೂಲ ಪ್ರೋಗ್ರಾಂ ಬರೆದವರಿಗೆ ಅದು ಗೊತ್ತಿತ್ತು. ಅವರು ಫೈಲನ್ನು ತೆರೆದ ಕೂಡಲೇ ಲಾಕ್‌ಎಫ್ ಎಂಬ ಫಂಕ್ಷನ್ ಕರೆದು, ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರು ಸರದಿಗೆ ನಿಲ್ಲುವಂತೆ ಅದಕ್ಕೆ ಲಾಕ್ ಹಾಕಿದ್ದರು. ಕೋಡನ್ನು ಮೇಲಿಂದ ಓದಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಲಾಕ್ ಇಲ್ಲದ ಕಡೆ ಲಾಕ್ ಹಾಕುವುದು ಸುಲಭ. ಲಾಕ್ ಇದ್ದೂ ಕಾಯದಿರುವುದನ್ನು ಕಂಡುಹಿಡಿಯಬೇಕಾದರೆ ಆ ಲಾಕ್ ಯಾರ ಹೆಸರಿನಲ್ಲಿದೆ ಎಂಬುದನ್ನು ಕೇಳಬೇಕಾಗುತ್ತದೆ. ಈ ಪ್ರಕರಣದ ಬಹುಪಾಲು ಆ ಒಂದು ಪ್ರಶ್ನೆಯಲ್ಲಿದೆ.

ಲಾಕ್ ಯಾರದು

ಯೂನಿಕ್ಸ್ ಪರಂಪರೆಯಲ್ಲಿ ಫೈಲ್ ಲಾಕ್‌ಗಳು ಒಂದೇ ಬಗೆಯವಲ್ಲ. 1983ರಲ್ಲಿ ಬಂದ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯಲ್ಲಿ ಎಫ್‌ಲಾಕ್ ಎಂಬ ಕರೆ ಇತ್ತು. ಅದು ಇಡೀ ಫೈಲಿಗೆ ಹಾಕುವ ಲಾಕ್. ಎಫ್‌ಸಿಎನ್‌ಟಿಎಲ್ ಎಂಬ ಕರೆಯ ಮೂಲಕ ಹಾಕುವ ಲಾಕ್ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ರೂಪಿಸಿದ 1988ರ ಪೋಸಿಕ್ಸ್ ಮಾನದಂಡದಲ್ಲಿ ಸೇರಿತು. ಅದರಿಂದ ಫೈಲಿನ ಬೇಕಾದ ಬೈಟ್‌ಗಳಿಗೆ ಮಾತ್ರ ಲಾಕ್ ಹಾಕಬಹುದು. ಪೈಥಾನ್‌ನ ಲಾಕ್‌ಎಫ್ ತನ್ನ ಹೆಸರು ಏನೇ ಇರಲಿ, ಒಳಗೆ ಬಳಸುವುದು ಈ ಎರಡನೆಯದನ್ನೇ.

ಎರಡರ ನಡುವಿನ ಮುಖ್ಯ ವ್ಯತ್ಯಾಸ ಬೈಟ್‌ಗಳಲ್ಲಿಲ್ಲ, ಒಡೆತನದಲ್ಲಿದೆ. ಎಫ್‌ಸಿಎನ್‌ಟಿಎಲ್ ಲಾಕ್ ಇಡೀ ಪ್ರೊಸೆಸ್ಸಿನದು. ಕರ್ನಲ್, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳು, ಅದನ್ನು ಈ ಪ್ರೊಸೆಸ್, ಈ ಐನೋಡ್ (ಹೆಸರಿನ ಹಿಂದಿರುವ ನಿಜವಾದ ಫೈಲಿನ ಗುರುತು) ಎಂಬ ಜೋಡಿಯಾಗಿ ನೆನಪಿಡುತ್ತದೆಯೇ ಹೊರತು ಯಾವ ಥ್ರೆಡ್ ಕೇಳಿತು, ಯಾವ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಪ್ರೊಸೆಸ್ಸಿಗೆ ಸಿಗುವ ಸಂಖ್ಯೆ) ಮೂಲಕ ಕೇಳಿತು ಎಂಬುದನ್ನು ನೆನಪಿಡುವುದಿಲ್ಲ. ಇದರಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಒಂದೇ ಪ್ರೊಸೆಸ್ಸಿನ ಎರಡು ಥ್ರೆಡ್‌ಗಳು ಒಂದೇ ಫೈಲಿಗೆ ಲಾಕ್ ಕೇಳಿದರೆ ಎರಡಕ್ಕೂ ತಕ್ಷಣ ಸಿಗುತ್ತದೆ, ಏಕೆಂದರೆ ಕರ್ನಲ್‌ನ ಲೆಕ್ಕದಲ್ಲಿ ಕೇಳುತ್ತಿರುವವರು ಒಬ್ಬರೇ. ಮತ್ತು ಆ ಪ್ರೊಸೆಸ್ ಅದೇ ಫೈಲನ್ನು ಬೇರೆಲ್ಲಾದರೂ ಇನ್ನೊಮ್ಮೆ ತೆರೆದು ಮುಚ್ಚಿದರೂ, ಆ ಫೈಲಿನ ಮೇಲೆ ಅದು ಹೊಂದಿದ್ದ ಎಲ್ಲ ಲಾಕ್‌ಗಳೂ ಬಿಟ್ಟುಹೋಗುತ್ತವೆ. ದೋಷದ ಸೂಚನೆ ಯಾವುದೂ ಬರುವುದಿಲ್ಲ.

ಎಫ್‌ಲಾಕ್ ಹಾಕಿದ ಲಾಕ್ ಪ್ರೊಸೆಸ್ಸಿನದಲ್ಲ. ಫೈಲನ್ನು ತೆರೆದಾಗ ಕರ್ನಲ್ ಸೃಷ್ಟಿಸುವ, ತೆರೆದ ಫೈಲಿನ ದಾಖಲೆಯದು. ಎರಡು ಸಲ ತೆರೆದರೆ ಎರಡು ದಾಖಲೆ, ಆದ್ದರಿಂದ ಒಂದೇ ಪ್ರೊಸೆಸ್ಸಿನೊಳಗೂ ಒಂದು ಇನ್ನೊಂದನ್ನು ಕಾಯಿಸುತ್ತದೆ. ಬೇರೆ ಡಿಸ್ಕ್ರಿಪ್ಟರ್ ಮುಚ್ಚಿದರೆ ಇದಕ್ಕೆ ಏನೂ ಆಗುವುದಿಲ್ಲ. ಆದರೆ ಫೋರ್ಕ್ ಆದಾಗ, ಅಂದರೆ ಪ್ರೊಸೆಸ್ ತನ್ನದೇ ಪ್ರತಿಯೊಂದನ್ನು ಹುಟ್ಟಿಸಿದಾಗ, ಆ ಮಗು ಪ್ರೊಸೆಸ್ ಅದೇ ದಾಖಲೆಯನ್ನು ಹಂಚಿಕೊಳ್ಳುವುದರಿಂದ ಲಾಕ್ ಕೂಡ ಅದರ ಜೊತೆಗೇ ಹೋಗುತ್ತದೆ. ಈ ಮಾತು ಮುಂದೆ ರಾತ್ರಿಯ ಸ್ಕ್ರಿಪ್ಟಿನ ವಿಷಯದಲ್ಲಿ ಬೇಕಾಗುತ್ತದೆ.

ಒಂದು ಮಾತು ಎರಡಕ್ಕೂ ಸಮಾನ. ಲಿನಕ್ಸಿನಲ್ಲಿ ಇವು ಸಲಹೆಯ ರೂಪದ ಲಾಕ್‌ಗಳು. ಲಾಕ್ ಕೇಳದೆ ನೇರವಾಗಿ ಬರೆಯುವ ಪ್ರೋಗ್ರಾಂ ಅನ್ನು ಅವು ತಡೆಯುವುದಿಲ್ಲ. ಕಡ್ಡಾಯ ಲಾಕ್‌ಗೆ ಹಿಂದೆ ಇದ್ದ ಬೆಂಬಲವನ್ನು 2021ರ 5.15ನೇ ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ.

ಪತ್ತೆಯಾದದ್ದು

ಚಾಲ್ತಿಯಲ್ಲಿರುವ ಅಂಗಡಿಯ ಲೆಕ್ಕದ ಮೇಲೆ ಪ್ರಯೋಗ ಮಾಡುವಂತಿರಲಿಲ್ಲವಾದ್ದರಿಂದ, ಫೈಲ್‌ಗಳ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿಟ್ಟು, ಸಂಖ್ಯೆ ಓದುವುದಕ್ಕೂ ಬರೆಯುವುದಕ್ಕೂ ನಡುವೆ ಅರ್ಧ ಸೆಕೆಂಡಿನ ನಿದ್ರೆ ಸೇರಿಸಲಾಯಿತು. ಅಪರೂಪಕ್ಕೆ ಕಾಣಿಸಿಕೊಳ್ಳುವ ಇಂತಹ ದೋಷಗಳನ್ನು ಬೆನ್ನಟ್ಟುವಾಗ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ: ಅಪಾಯದ ಸಂದನ್ನು ಕೈಯಾರೆ ಅಗಲಿಸಿದರೆ, ಲಾಕ್ ನಿಜವಾಗಿ ಕಾಯುತ್ತಿದ್ದರೆ ಏನೂ ಆಗಬಾರದು, ಕಾಯದಿದ್ದರೆ ಕೂಡಲೇ ಬಯಲಾಗಬೇಕು. ಇಲ್ಲಿ ಕೂಡಲೇ ಬಯಲಾಯಿತು.

ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಎಂಬ ಸಾಧನ ಹಚ್ಚಿ ನೋಡಿದಾಗ ಒಂದು ಕ್ರಮಾಂಕ ಹುಟ್ಟುವ ಬಗೆ ಸಾಲುಸಾಲಾಗಿ ಕಂಡಿತು. ಕ್ರಮಾಂಕದ ಫೈಲ್ ತೆರೆದು 7ನೇ ಡಿಸ್ಕ್ರಿಪ್ಟರ್ ಬಂತು. ಅದರ ಮೇಲೆ ಲಾಕ್ ಕೇಳಿದ ಕರೆ ಯಶಸ್ವಿಯಾಗಿ ಮರಳಿತು. ಮುಂದಿನ ಸಾಲಿನಲ್ಲಿ ಅದೇ ಫೈಲ್ ಮತ್ತೊಮ್ಮೆ ತೆರೆದು 8ನೇ ಡಿಸ್ಕ್ರಿಪ್ಟರ್ ಆಯಿತು, ಅದರಿಂದ ಸಂಖ್ಯೆ ಓದಲಾಯಿತು, 8 ಮುಚ್ಚಿತು. ಕೊನೆಯ ಕ್ರಮಾಂಕವನ್ನು ಓದಿಕೊಡುವ ಒಂದು ಸಣ್ಣ ಸಹಾಯಕ ಫಂಕ್ಷನ್ ಇತ್ತು. ಪರದೆಯ ಮೇಲೆ ಸಂಖ್ಯೆ ತೋರಿಸಲೆಂದು ಬರೆದಿದ್ದ ಅದನ್ನೇ ಇಲ್ಲೂ ಕರೆಯಲಾಗಿತ್ತು. ಫೈಲ್ ತೆರೆದು, ಓದಿ, ಅಚ್ಚುಕಟ್ಟಾಗಿ ಮುಚ್ಚುವುದು ಅದರ ಕೆಲಸ. ಆ ಅಚ್ಚುಕಟ್ಟುತನವೇ ಲಾಕನ್ನು ಬಿಡಿಸುತ್ತಿತ್ತು. 8 ಮುಚ್ಚಿದ ಕ್ಷಣದಿಂದ ಹೊಸ ಸಂಖ್ಯೆ ಬರೆಯುವವರೆಗೆ ಆ ಪ್ರೊಸೆಸ್ಸಿನ ಬಳಿ ಯಾವ ಲಾಕ್ ಕೂಡ ಇರಲಿಲ್ಲ. ಚಾಲ್ತಿಯಲ್ಲಿರುವ ಲಾಕ್‌ಗಳನ್ನು ತೋರಿಸುವ ಎಲ್‌ಎಸ್‌ಲಾಕ್ಸ್ ಆದೇಶದ ಪಟ್ಟಿಯಲ್ಲೂ ಆ ಹೊತ್ತಿನಲ್ಲಿ ಅದರ ಹೆಸರು ಕಾಣಲಿಲ್ಲ.

ಇದು ಪ್ರೊಸೆಸ್‌ಗಳ ನಡುವಿನ ಘರ್ಷಣೆಗೆ ಕಾರಣ. ತೂಕದ ಪ್ರೋಗ್ರಾಂನ ಒಳಗೆ, ಎರಡು ಕಾಟಾಗಳ ಥ್ರೆಡ್‌ಗಳ ನಡುವೆ, ಸಹಾಯಕ ಫಂಕ್ಷನ್ ತೆಗೆದುಹಾಕಿದರೂ ಲಾಕ್ ಕೆಲಸ ಮಾಡುತ್ತಿರಲಿಲ್ಲ. ಕಾರಣವನ್ನು ಮೇಲೆಯೇ ಹೇಳಿದೆ. ಪೈಥಾನ್‌ನಲ್ಲಿ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡನ್ನು ಓಡಿಸುವಂತೆ ತಡೆಯುವ ಒಳಗಿನ ಲಾಕ್) ಇರುವುದರಿಂದ ಥ್ರೆಡ್‌ಗಳು ಹೇಗೂ ಒಂದಾದ ಮೇಲೊಂದು ನಡೆಯುತ್ತವೆಂದು ಹಲವರು ನಂಬುತ್ತಾರೆ. ಫೈಲ್ ಓದುವಾಗ ಬರೆಯುವಾಗ ಪೈಥಾನ್ ಆ ಬಿಗಿಯನ್ನು ಬಿಟ್ಟುಕೊಡುತ್ತದೆ, ಆದ್ದರಿಂದ ಇಂತಹ ಕೆಲಸದಲ್ಲಿ ಅದರ ರಕ್ಷಣೆಯನ್ನು ನೆಚ್ಚಬಾರದು.

ಮೂರನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಹಿಂದಿನ ವರ್ಷ ಕರೆಂಟ್ ಹೋದಾಗ ಕ್ರಮಾಂಕದ ಫೈಲ್ ಖಾಲಿಯಾಗಿಬಿಟ್ಟಿತ್ತು. ಅದಕ್ಕೆ ಪರಿಹಾರವಾಗಿ ಹೊಸ ಸಂಖ್ಯೆಯನ್ನು ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ಡಿಸ್ಕಿಗೆ ನಿಜವಾಗಿ ಇಳಿಯುವಂತೆ ಮಾಡಿ), ಆಮೇಲೆ ಹಳೆಯದರ ಹೆಸರಿಗೆ ಮರುನಾಮಕರಣ ಮಾಡುವ ಪದ್ಧತಿ ತರಲಾಗಿತ್ತು. ಪದ್ಧತಿ ಸರಿಯಾದದ್ದೇ, ಅದು ಅರ್ಧ ಬರೆದ ಫೈಲ್ ಉಳಿಯದಂತೆ ನೋಡಿಕೊಳ್ಳುತ್ತದೆ. ಆದರೆ ಲಾಕ್ ಹಾಕುತ್ತಿದ್ದುದು ಅದೇ ಕ್ರಮಾಂಕದ ಫೈಲಿಗೆ. ಲಾಕ್ ಅಂಟಿಕೊಳ್ಳುವುದು ಹೆಸರಿಗಲ್ಲ, ಐನೋಡ್‌ಗೆ. ಮರುನಾಮಕರಣ ಆದೊಡನೆ ಆ ಹೆಸರಿನ ಹಿಂದೆ ಬೇರೆಯೇ ಐನೋಡ್ ನಿಂತಿರುತ್ತದೆ. ಹಳೆಯ ಫೈಲನ್ನು ತೆರೆದುಕೊಂಡು ಸರದಿಗೆ ಕಾಯುತ್ತಿದ್ದವರಿಗೆ ಹಳೆಯ ಐನೋಡಿನ ಲಾಕ್ ಸಿಗುತ್ತದೆ, ಆಗತಾನೇ ಬಂದವರಿಗೆ ಹೊಸ ಐನೋಡಿನ ಲಾಕ್ ಸಿಗುತ್ತದೆ. ಇಬ್ಬರೂ ತಮ್ಮದೇ ಸರದಿಯೆಂದು ನಂಬಿ ಒಂದೇ ಸಂಖ್ಯೆಯನ್ನು ಓದುತ್ತಾರೆ.

ಇಷ್ಟೆಲ್ಲ ದೋಷವಿದ್ದೂ ಹಿಂದಿನ ಹಂಗಾಮುಗಳು ಸುಸೂತ್ರವಾಗಿ ಸಾಗಿದ್ದು ಹೇಗೆ ಎಂದು ಮಾಲೀಕರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಮೊದಲು ಒಂದೇ ಕಾಟಾ ಇತ್ತು. ಬರೆಯುವ ಕೆಲಸವೂ ಕಣ್ಣುಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತಿತ್ತು, ಏಕೆಂದರೆ ಬರೆದದ್ದು ಮೊದಲು ಮೆಮೊರಿಯಲ್ಲಷ್ಟೇ ಉಳಿಯುತ್ತದೆ. ಎಫ್‌ಸಿಂಕ್ ಬಂದ ಮೇಲೆ ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ದತ್ತಾಂಶ ನಿಜವಾಗಿ ಇಳಿಯುವವರೆಗೆ ಕಾಯಬೇಕಾಯಿತು, ಅದಕ್ಕೆ ಹಲವು ಮಿಲಿಸೆಕೆಂಡುಗಳು ಬೇಕು. ಅಂದರೆ ಕರೆಂಟಿನ ಸಮಸ್ಯೆಗೆ ಕೊಟ್ಟ ಮದ್ದು, ಮೊದಲಿನಿಂದಲೂ ಇದ್ದ ಸಂದನ್ನು ಅಗಲಿಸಿತು. ಎರಡನೆಯ ಕಾಟಾ ಬಂದು ಆ ಸಂದಿನಲ್ಲಿ ನುಸುಳುವವರನ್ನು ಹೆಚ್ಚಿಸಿತು. ಸವಾಲಿನ (ಹರಾಜಿನ) ದರ ಗೊತ್ತಾದ ಕೂಡಲೇ ಎಲ್ಲರ ಮಾಲೂ ಒಟ್ಟಿಗೆ ತೂಕಕ್ಕೆ ಬರುವ ಹೊತ್ತಿನಲ್ಲೇ ಜೋಡಿ ಚೀಟಿಗಳು ಬಂದದ್ದು ಇದಕ್ಕೆ ಹೊಂದುತ್ತಿತ್ತು. ಚೀಟಿ ಹರಿದುಕೊಡುವ ಹುಡುಗನ ಮುಂದೆಯೇ ಎಸ್‌ಟ್ರೇಸಿನ ಸಾಲುಗಳನ್ನು ಮಾಲೀಕರಿಗೆ ವಿವರಿಸಲಾಯಿತು.

ತಿದ್ದಿದ ಬಗೆ

ಮೊದಲ ತೀರ್ಮಾನ, ಲಾಕ್‌ಗೆಂದೇ ಒಂದು ಪ್ರತ್ಯೇಕ ಖಾಲಿ ಫೈಲ್ ಇಡುವುದು. ಅದರಲ್ಲಿ ಯಾರೂ ಏನೂ ಬರೆಯುವುದಿಲ್ಲ, ಅದರ ಹೆಸರು ಬದಲಾಗುವುದಿಲ್ಲ, ಕೆಲಸ ಮುಗಿದ ಮೇಲೆ ಅದನ್ನು ಅಳಿಸುವುದೂ ಇಲ್ಲ. ಅಳಿಸಿದರೆ ಮರುನಾಮಕರಣದ ತೊಂದರೆಯೇ ಬೇರೆ ವೇಷದಲ್ಲಿ ಮರಳುತ್ತದೆ: ಕಾಯುತ್ತಿರುವವನ ಕೈಯಲ್ಲಿ ಅಳಿಸಿದ ಐನೋಡ್, ಹೊಸಬನ ಕೈಯಲ್ಲಿ ಹೊಸ ಐನೋಡ್. ಫೈಲ್ ಇದೆಯೋ ಇಲ್ಲವೋ ಎಂಬುದನ್ನೇ ಲಾಕ್ ಎಂದು ಬಗೆದು, ಅದರಲ್ಲಿ ಪ್ರೊಸೆಸ್ ಸಂಖ್ಯೆ ಬರೆದಿಡುವ ಹಳೆಯ ಪದ್ಧತಿಯನ್ನು ಒಬ್ಬರು ಸೂಚಿಸಿದ್ದರು. ಪ್ರೋಗ್ರಾಂ ನಡುವೆಯೇ ಸತ್ತರೆ ಆ ಫೈಲ್ ಹಾಗೆಯೇ ಉಳಿದು ಅಂಗಡಿಯ ಕೆಲಸವೆಲ್ಲ ನಿಲ್ಲುತ್ತದೆ, ಬರೆದಿಟ್ಟ ಸಂಖ್ಯೆ ಬೇರೊಂದು ಪ್ರೊಸೆಸ್ಸಿಗೆ ಮರುಬಳಕೆಯಾಗಿರಲೂಬಹುದು. ಕರ್ನಲ್ ಹಿಡಿದಿರುವ ಲಾಕ್‌ಗಾದರೆ ಈ ಬಾಧೆಯಿಲ್ಲ. ಅದನ್ನು ಹಿಡಿದ ಪ್ರೊಸೆಸ್ ಹೇಗೆ ಸತ್ತರೂ ಅದರ ಡಿಸ್ಕ್ರಿಪ್ಟರ್‌ಗಳು ಮುಚ್ಚುತ್ತವೆ, ಲಾಕ್ ಬಿಡುಗಡೆಯಾಗುತ್ತದೆ.

ಎರಡನೆಯದು, ಲಾಕ್‌ಎಫ್ ಬದಲು ಎಫ್‌ಲಾಕ್. ಲಿನಕ್ಸಿನಲ್ಲಿ 2014ರ 3.15ನೇ ಆವೃತ್ತಿಯಿಂದ ಮೂರನೆಯ ಬಗೆಯೊಂದಿದೆ: ಬೈಟ್‌ಗಳ ಲೆಕ್ಕದಲ್ಲಿ ಹಾಕಬಹುದಾದ, ಆದರೆ ಪ್ರೊಸೆಸ್ಸಿಗೆ ಬದಲು ತೆರೆದ ಫೈಲಿನ ದಾಖಲೆಗೆ ಸೇರುವ ಓಎಫ್‌ಡಿ ಲಾಕ್. 2024ರ ಪೋಸಿಕ್ಸ್ ಮಾನದಂಡ ಅದನ್ನು ಒಪ್ಪಿಕೊಂಡಿದೆ. ಹೊಸದಾಗಿ ಸಿ ಭಾಷೆಯಲ್ಲಿ ಬರೆಯುವವರಿಗೆ ನಾನು ಅದನ್ನೇ ಶಿಫಾರಸು ಮಾಡುತ್ತೇನೆ. ಇಲ್ಲಿ ಇಡೀ ಫೈಲಿಗೊಂದು ಲಾಕ್ ಸಾಕಾಗಿದ್ದರಿಂದಲೂ, ಪೈಥಾನ್‌ನಿಂದ ಓಎಫ್‌ಡಿ ಬಳಸಲು ಬೈಟ್‌ಗಳ ರಚನೆಯನ್ನು ಕೈಯಾರೆ ಕಟ್ಟಬೇಕಾಗಿದ್ದರಿಂದಲೂ ಎಫ್‌ಲಾಕ್ ಆಯ್ಕೆಯಾಯಿತು. ಎಲ್ಲ ಪ್ರೊಸೆಸ್‌ಗಳೂ ಒಂದೇ ಕಂಪ್ಯೂಟರಿನವು, ಫೈಲ್ ಇರುವುದೂ ಅದರದೇ ಡಿಸ್ಕಿನಲ್ಲಿ. ಫೈಲ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚುವ ಫೈಲ್ ವ್ಯವಸ್ಥೆ) ಮೇಲಿದ್ದಿದ್ದರೆ ಲಿನಕ್ಸ್ ಈ ಎಫ್‌ಲಾಕನ್ನು ಒಳಗೊಳಗೇ ಬೈಟ್ ಲಾಕ್ ಆಗಿ ಪರಿವರ್ತಿಸುತ್ತಿತ್ತು, ಆಗ ಮತ್ತೆ ಬೇರೆಯಾಗಿ ಯೋಚಿಸಬೇಕಾಗುತ್ತಿತ್ತು.

ತೂಕದ ಪ್ರೋಗ್ರಾಂನ ಒಳಗೆ ಎಫ್‌ಲಾಕ್ ಒಂದನ್ನೇ ನಂಬಿ ಬಿಡಲಿಲ್ಲ. ಪ್ರತಿ ಥ್ರೆಡ್ ಪ್ರತಿ ಸಲವೂ ಫೈಲನ್ನು ಹೊಸದಾಗಿ ತೆರೆದರೆ ಮಾತ್ರ ಅದು ಥ್ರೆಡ್‌ಗಳ ನಡುವೆ ಕಾಯುತ್ತದೆ. ಮುಂದೆ ಯಾರಾದರೂ ವೇಗಕ್ಕೆಂದು ತೆರೆದ ಫೈಲನ್ನು ಒಂದೇ ಕಡೆ ಇಟ್ಟುಕೊಂಡು ಎರಡೂ ಥ್ರೆಡ್‌ಗಳಿಗೆ ಹಂಚಿದರೆ, ಆಗಲೇ ಲಾಕ್ ಹೊಂದಿರುವ ದಾಖಲೆಯ ಮೇಲೆ ಎರಡನೆಯ ಕೋರಿಕೆಯೂ ಸದ್ದಿಲ್ಲದೆ ಯಶಸ್ವಿಯಾಗುತ್ತದೆ. ಆದ್ದರಿಂದ ಥ್ರೆಡ್‌ಗಳ ನಡುವೆ ಪೈಥಾನ್‌ನದೇ ಥ್ರೆಡ್ ಲಾಕ್, ಪ್ರೊಸೆಸ್‌ಗಳ ನಡುವೆ ಎಫ್‌ಲಾಕ್, ಹೀಗೆ ಎರಡು ಹಂತ. ಮೊದಲು ಥ್ರೆಡ್ ಲಾಕ್, ಆಮೇಲೆ ಫೈಲ್ ಲಾಕ್, ಬಿಡುವಾಗ ತಿರುಗುಮುರುಗು. ಒಂದು ಥ್ರೆಡ್ ಈ ಕ್ರಮ ತಪ್ಪಿ ಫೈಲ್ ಲಾಕ್ ಹಿಡಿದು ಥ್ರೆಡ್ ಲಾಕ್‌ಗೆ ಕಾಯುತ್ತಾ, ಇನ್ನೊಂದು ಅದರ ವಿರುದ್ಧ ಕ್ರಮದಲ್ಲಿ ಕಾಯುತ್ತಾ ನಿಂತರೆ ಎರಡೂ ಅಲ್ಲೇ ಉಳಿಯುತ್ತವೆ, ಮತ್ತು ಥ್ರೆಡ್ ಲಾಕ್ ಕರ್ನಲ್‌ನ ಕಣ್ಣಿಗೆ ಬೀಳದ ಕಾರಣ ಈ ಗಂಟನ್ನು ಬಿಡಿಸಲು ಅದರಿಂದಾಗದು. ಇದನ್ನೆಲ್ಲ ಒಂದೇ ಮಾಡ್ಯೂಲಿನಲ್ಲಿಟ್ಟು, ಪ್ರೋಗ್ರಾಂಗಳು ಅದನ್ನು ಕರೆಯುವಂತೆ ಮಾಡಲಾಯಿತು.

ಹಳೆಯ ಕೋಡಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಚೀಟಿ ಮುದ್ರಿಸಿ ಮುಗಿಸುವವರೆಗೂ ಫೈಲ್ ಮುಚ್ಚುತ್ತಿರಲಿಲ್ಲ. ಲಾಕ್ ನಿಜವಾಗಿ ಕೆಲಸ ಮಾಡತೊಡಗಿದ ಮೇಲೆ ಅದನ್ನು ಹಾಗೆಯೇ ಬಿಟ್ಟಿದ್ದರೆ, ಒಂದು ಕಾಟಾದಲ್ಲಿ ಕಾಗದ ಸಿಕ್ಕಿಕೊಂಡರೆ ಇಡೀ ಅಂಗಡಿ ನಿಲ್ಲುತ್ತಿತ್ತು. ಆದ್ದರಿಂದ ಲಾಕ್ ಹಿಡಿದಿರುವಾಗ ನಡೆಯುವುದು ಇಷ್ಟೇ: ಸಂಖ್ಯೆ ಓದುವುದು, ಹೊಸದನ್ನು ತಾತ್ಕಾಲಿಕ ಫೈಲಿಗೆ ಬರೆದು ಎಫ್‌ಸಿಂಕ್ ಮಾಡುವುದು, ಮರುನಾಮಕರಣ, ಫೋಲ್ಡರಿನ ಎಫ್‌ಸಿಂಕ್, ದಿನವಹಿಗೆ ಒಂದು ಸಾಲು. ದಿನವಹಿಯ ಸಾಲು ಪೈಥಾನ್‌ನ ಬಫರಿನಲ್ಲೇ ಉಳಿದು ಲಾಕ್ ಬಿಟ್ಟ ಮೇಲೆ ಫೈಲಿಗೆ ಹೋಗದಂತೆ, ಬಿಡುವ ಮೊದಲೇ ಅದನ್ನು ಫ್ಲಶ್ ಮಾಡಲಾಗುತ್ತದೆ. ಮುದ್ರಣ ಆಮೇಲೆ. ಹಾಗಾದರೆ ಸಂಖ್ಯೆ ಪಡೆದು ಚೀಟಿ ಮುದ್ರಿಸುವ ಮೊದಲೇ ಕರೆಂಟ್ ಹೋದರೆ ಆ ಸಂಖ್ಯೆ ಖಾಲಿ ಹೋಗುತ್ತದಲ್ಲ ಎಂದು ಮುನೀಮರು ಆಕ್ಷೇಪಿಸಿದರು. ಹೋಗುತ್ತದೆ, ನಿಜ. ಅಂತಹ ಸಂಖ್ಯೆಯ ಮುಂದೆ ರದ್ದು ಎಂದು ಬರೆಯಬಹುದು, ಲೆಕ್ಕ ಪರಿಶೋಧಕರಿಗೆ ಕಾರಣ ಹೇಳಬಹುದು. ಒಂದೇ ಸಂಖ್ಯೆ ಎರಡು ಸಲ ಹೋದರೆ ಒಬ್ಬ ರೈತನ ಬೆಳೆಯ ತೂಕ ಇನ್ನೊಬ್ಬನ ಖಾತೆಗೆ ಬೀಳುತ್ತದೆ. ಎರಡರಲ್ಲಿ ಯಾವುದನ್ನು ಸಹಿಸಬೇಕೆಂಬುದರಲ್ಲಿ ಅವರಿಗೂ ಕೊನೆಗೆ ಅನುಮಾನ ಉಳಿಯಲಿಲ್ಲ.

ಕಾಯುವಿಕೆಗೆ ಮಿತಿ ಇಡಲಾಗಿದೆ. ತಡೆಯದೆ ಕೇಳುವ ಎಫ್‌ಲಾಕ್ ಕರೆಯನ್ನು ಸಣ್ಣ ಬಿಡುವು ಕೊಟ್ಟು ಮತ್ತೆ ಮತ್ತೆ ಮಾಡಿ, ಐದು ಸೆಕೆಂಡಿನೊಳಗೆ ಸಿಗದಿದ್ದರೆ ಪರದೆಯ ಮೇಲೆ ಸೂಚನೆ ಬರುತ್ತದೆ. ಲಾಕ್ ಸಿಗದಿದ್ದಾಗ ಕ್ರಮಾಂಕ ಕೊಡದೆ ನಿಲ್ಲುವುದೇ ನಿಯಮ, ಹೇಗೋ ಮುಂದುವರಿಯುವ ದಾರಿಯನ್ನು ಇಟ್ಟಿಲ್ಲ.

ಪರೀಕ್ಷೆಗೆ ನಾಲ್ಕು ಪ್ರೊಸೆಸ್‌ಗಳು, ಪ್ರತಿಯೊಂದರಲ್ಲಿ ನಾಲ್ಕು ಥ್ರೆಡ್‌ಗಳು, ಪ್ರತಿ ಥ್ರೆಡ್ಡಿಗೆ 1000 ಕ್ರಮಾಂಕ ಎಂದು ಹಚ್ಚಿ, ಬಂದ 16,000 ಸಂಖ್ಯೆಗಳನ್ನು ವಿಂಗಡಿಸಿ ಜೋಡಿಗಳನ್ನು ಹುಡುಕಲಾಯಿತು. ನಡುವಿನ ನಿದ್ರೆಯನ್ನು ಚಿಕ್ಕದಾಗಿಸಿ ಹಾಗೆಯೇ ಉಳಿಸಿಕೊಳ್ಳಲಾಗಿತ್ತು. ಜೋಡಿ ಒಂದೂ ಇರಲಿಲ್ಲ. ಓಡುತ್ತಿರುವ ಪ್ರೊಸೆಸ್ ಒಂದನ್ನು ಬಲವಂತವಾಗಿ ಕೊಂದಾಗ ಉಳಿದವು ಒಡನೆ ಮುಂದುವರಿದವು, ಕ್ರಮಾಂಕದ ಫೈಲ್ ಕೆಡಲಿಲ್ಲ.

ರಾತ್ರಿಯ ಸ್ಕ್ರಿಪ್ಟ್

ಕ್ರಾನ್ ಸಾಲಿನಲ್ಲಿ ಎಫ್‌ಲಾಕ್ ಎಂಬ ಆದೇಶವನ್ನೇ ಬಳಸಿ, ಹಿಂದಿನ ರಾತ್ರಿಯ ಕೆಲಸ ಮುಗಿದಿರದಿದ್ದರೆ ಹೊಸದನ್ನು ಆರಂಭಿಸದಂತೆ ಮೊದಲೇ ಏರ್ಪಾಡು ಮಾಡಲಾಗಿತ್ತು. ಪರಿಶೀಲನೆಯ ವೇಳೆ ಹೊರಗಿನ ಡಿಸ್ಕಿನಲ್ಲಿ ಕೆಲವು ರಾತ್ರಿಗಳ ನಕಲು ಇಲ್ಲದಿರುವುದು ಕಂಡಿತು. ಜೋಡಿ ಚೀಟಿಗಿಂತ ಇದು ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿತು, ಏಕೆಂದರೆ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಸ್ಕ್ರಿಪ್ಟ್ ತನ್ನ ಕೊನೆಯಲ್ಲಿ ನಕಲು ಕಾರ್ಯಕ್ರಮವೊಂದನ್ನು ಹಿನ್ನೆಲೆಯಲ್ಲಿ ಬಿಟ್ಟು ತಾನು ಮುಗಿಯುತ್ತಿತ್ತು. ಆ ಮಗು ಪ್ರೊಸೆಸ್ ಲಾಕ್ ಫೈಲಿನ ಡಿಸ್ಕ್ರಿಪ್ಟರನ್ನು ಜೊತೆಗೇ ಒಯ್ದಿತ್ತು. ಡಿಸ್ಕ್ ಸಿಗದೆ ಅದು ಕಾಯುತ್ತಾ ಕುಳಿತರೆ, ಮರುರಾತ್ರಿ ಲಾಕ್ ಇನ್ನೂ ಬಿಟ್ಟಿಲ್ಲವೆಂದು ಕ್ರಾನ್‌ನ ಕೆಲಸ ಸುಮ್ಮನೆ ಮರಳುತ್ತಿತ್ತು. ಎಫ್‌ಲಾಕ್ ಆದೇಶಕ್ಕೆ ಇದಕ್ಕೆಂದೇ ಸಣ್ಣಕ್ಷರದ ಓ ಎಂಬ ಆಯ್ಕೆಯಿದೆ. ಅದನ್ನು ಕೊಟ್ಟರೆ ಓಡಿಸುವ ಕಾರ್ಯಕ್ರಮಕ್ಕೆ ಡಿಸ್ಕ್ರಿಪ್ಟರ್ ದಾಟುವುದಿಲ್ಲ. ಇಲ್ಲಿ ಆ ಆಯ್ಕೆಯ ಅಗತ್ಯ ಬೀಳಲಿಲ್ಲ. ಹಿನ್ನೆಲೆಯ ನಕಲನ್ನೇ ಮುಂದಕ್ಕೆ ತಂದು, ಅದಕ್ಕೆ ಸಮಯದ ಮಿತಿ ಇಟ್ಟು, ಲಾಕ್ ಸಿಗದೆ ಮರಳಿದ ಪ್ರತಿ ಸಲವೂ ಬೆಳಿಗ್ಗೆ ಪರದೆಯಲ್ಲಿ ಕಾಣುವಂತೆ ಮಾಡಲಾಯಿತು.

ತಾಳೆ ನೋಡಲು ಕ್ರಮಾಂಕದ ಫೈಲೂ ದಿನವಹಿಯೂ ಒಂದೇ ಕ್ಷಣದವಾಗಿರಬೇಕು. ಅದಕ್ಕಾಗಿ ಸ್ಕ್ರಿಪ್ಟ್ ಪ್ರೋಗ್ರಾಂಗಳ ಲಾಕ್ ಫೈಲಿನ ಮೇಲೆ ಓದುಗರ ಹಂಚಿಕೆಯ ಲಾಕ್ ಪಡೆದು, ಎರಡನ್ನೂ ಅದೇ ಡಿಸ್ಕಿನ ಬೇರೊಂದು ಫೋಲ್ಡರಿಗೆ ನಕಲಿಸಿ, ಲಾಕ್ ಬಿಟ್ಟ ಮೇಲೆ ಹೊರಗಿನ ಡಿಸ್ಕಿನ ನಿಧಾನದ ಕೆಲಸಕ್ಕೆ ತೊಡಗುತ್ತದೆ.

ಇಷ್ಟೆಲ್ಲದಕ್ಕೆ ಬದಲು ಎಸ್‌ಕ್ಯೂಲೈಟ್ ಎಂಬ, ಒಂದೇ ಫೈಲಿನಲ್ಲಿ ಇರುವ ಸಣ್ಣ ಡೇಟಾಬೇಸ್ ಬಳಸಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಬಳಸಬಹುದು, ಹಂಗಾಮು ಮುಗಿದ ಮೇಲೆ ಆ ಬದಲಾವಣೆ ಮಾಡಬೇಕೆಂದು ಮಾಲೀಕರಿಗೆ ಬರೆದುಕೊಟ್ಟಿದ್ದೇನೆ. ಯೂನಿಕ್ಸ್‌ನಲ್ಲಿ ಎಸ್‌ಕ್ಯೂಲೈಟ್ ಕೂಡ ಇದೇ ಎಫ್‌ಸಿಎನ್‌ಟಿಎಲ್ ಲಾಕ್‌ಗಳ ಮೇಲೆಯೇ ನಿಂತಿದೆ. ಫೈಲ್ ಮುಚ್ಚಿದರೆ ಲಾಕ್ ಹೋಗುವ ಸಮಸ್ಯೆಯನ್ನು ಅದು, ಲಾಕ್‌ಗಳೆಲ್ಲ ಬಿಡುವವರೆಗೆ ಡಿಸ್ಕ್ರಿಪ್ಟರ್ ಮುಚ್ಚುವುದನ್ನೇ ಮುಂದೂಡಿ ನಿಭಾಯಿಸುತ್ತದೆ. ಅದೇ ಪ್ರೊಸೆಸ್ಸಿನಲ್ಲಿ ಬೇರೆ ಕೋಡು ಆ ಡೇಟಾಬೇಸ್ ಫೈಲನ್ನು ನೇರವಾಗಿ ತೆರೆದು ಮುಚ್ಚಿದರೆ ಅಲ್ಲೂ ಲಾಕ್ ಬಿಟ್ಟುಹೋಗುತ್ತದೆ. ದಿನವಹಿಯನ್ನು ಓದುವ ಹಳೆಯ ಕೋಡು ಬದಲಾಗುವಾಗ ಇದನ್ನು ಮರೆಯುವಂತಿಲ್ಲ.

ಸದ್ಯಕ್ಕೆ ಉಳಿದಿದ್ದ ಒಂದೇ ಅಪಾಯ ಲೆಕ್ಕಪತ್ರ ನೋಡುವವರ ಲ್ಯಾಪ್‌ಟಾಪ್. ಅವರು ಹಂಚಿಕೆಯ ಫೋಲ್ಡರಿನ ಮೂಲಕ ದಿನವಹಿಯನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು, ಹೆಸರುಗಳ ಕಾಗುಣಿತ ತಿದ್ದಿ, ಉಳಿಸುತ್ತಿದ್ದರು. ನಮ್ಮ ಲಾಕ್ ಅವರ ಸ್ಪ್ರೆಡ್‌ಶೀಟಿಗೆ ಗೊತ್ತಿಲ್ಲ. ಅವರು ಉಳಿಸಿದರೆ ಅಷ್ಟರಲ್ಲಿ ಸೇರಿದ್ದ ಹೊಸ ಸಾಲುಗಳು ಅಳಿಸಿಹೋಗುತ್ತವೆ. ಆ ಫೋಲ್ಡರಿಗೆ ಈಗ ಓದುವ ಅನುಮತಿ ಮಾತ್ರ ಕೊಡಲಾಗಿದೆ, ಕಾಗುಣಿತ ತಿದ್ದಲು ಬಿಲ್ಲಿಂಗ್ ಪ್ರೋಗ್ರಾಂನಲ್ಲೇ ಒಂದು ಪರದೆ ಸೇರಿಸಲಾಗಿದೆ, ಮತ್ತು ಆ ಪರದೆಯೂ ಅದೇ ಮಾಡ್ಯೂಲಿನ ಮೂಲಕ ಲಾಕ್ ಪಡೆದೇ ಬರೆಯುತ್ತದೆ.